ಆಪತ್ತಿನ ಕರೆಗೆ ಒಡೆಯರು ಯಾರು?

ಬೆಂಕಿ ಬಿದ್ದ ಕಟ್ಟಡದೊಳಕ್ಕೆ ನುಗ್ಗುವ ಅಗ್ನಿಶಾಮಕ ದಳದವನಿಗೆ ನೀರಿನ ಪೈಪು ಎಷ್ಟು ಮುಖ್ಯವೋ ಅವನ ಹೆಗಲಿಗೆ ತಗುಲಿಸಿದ ವೈರ್‌ಲೆಸ್ ಸೆಟ್ಟೂ ಅಷ್ಟೇ ಮುಖ್ಯ. "ಮಾಡು ಕುಸಿಯುತ್ತಿದೆ, ಹೊರಗೆ ಬಾ" ಎಂಬ ಎರಡು ಮಾತು ಸಕಾಲಕ್ಕೆ ಅವನ ಕಿವಿಗೆ ಬಿದ್ದರೆ ಅವನು ರಾತ್ರಿ ಊಟಕ್ಕೆ ಮನೆಗೆ ಹೋಗುತ್ತಾನೆ. ಬೀಳದಿದ್ದರೆ ಅವನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುತ್ತಾರೆ, ಮಂತ್ರಿಗಳು ಬಂದು ಹಾರ ಹಾಕುತ್ತಾರೆ. ಪ್ರಪಂಚದ ಹಲವು ದೇಶಗಳಲ್ಲಿ ಪೊಲೀಸು, ಅಗ್ನಿಶಾಮಕ ಮತ್ತು ಆಂಬ್ಯುಲೆನ್ಸು ಸೇವೆಗಳ ಈ ಸೆಟ್ಟುಗಳನ್ನೂ, ಅವು ಮಾತನಾಡುವ ತರಂಗಾಂತರಗಳನ್ನೂ ಬದಲಿಸುವ ಕೆಲಸ ಕಳೆದ ಇಪ್ಪತ್ತೈದು ವರ್ಷಗಳಿಂದ ನಡೆದಿದೆ. ಈ ಬದಲಾವಣೆಯ ಕಥೆಯನ್ನು ನಮ್ಮ ವಾಚಕರ ಮುಂದಿಡುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಇದು ಎಂಜಿನಿಯರುಗಳ ವಿಷಯ, ಗಿರಣಿಯ ಕೂಲಿಕಾರನಿಗೂ ಪೇಟೆಯ ಕಿರಾಣಿ ಅಂಗಡಿಯವನಿಗೂ ಇದರಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಬೆಂಕಿ ಎಲ್ಲಿ ಬೀಳುತ್ತದೆಂಬುದನ್ನು ಅವರು ಒಮ್ಮೆ ನೆನಪಿಗೆ ತಂದುಕೊಳ್ಳಲಿ. ಅರಳೆಯ ರಾಶಿಯಿರುವ ಗಿರಣಿಯ ಗೋದಾಮಿನಲ್ಲಿ ಬೀಳುತ್ತದೆ. ಒಂದರ ಬೆನ್ನಿಗೊಂದು ಅಂಟಿಕೊಂಡಿರುವ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಬೀಳುತ್ತದೆ. ಬಂಗಲೆಯ ಸುತ್ತ ತೋಟವಿರುತ್ತದೆ, ಕಾವಲುಗಾರನಿರುತ್ತಾನೆ. ದುಡಿಯುವವನ ಓಣಿಯಲ್ಲಿ ಒಂದು ಮನೆ ಹತ್ತಿದರೆ ಹತ್ತು ಮನೆ ಹತ್ತುತ್ತವೆ. ಆ ಬೆಂಕಿಯನ್ನು ಆರಿಸಲು ಬರುವವನೂ ಸಂಬಳಕ್ಕೆ ದುಡಿಯುವವನೇ. ಆದುದರಿಂದ ಆಪತ್ತಿನ ಕರೆ ಯಾವ ದಾರಿಯಿಂದ ಹೋಗುತ್ತದೆ, ಆ ದಾರಿಗೆ ಸುಂಕ ವಸೂಲು ಮಾಡುವವರು ಯಾರು ಎಂಬುದು ನಮ್ಮೆಲ್ಲರ ಪ್ರಶ್ನೆಯಾಗಿದೆ.

ಮೊದಲು ಈ ಸೆಟ್ಟಿನ ಕೆಲಸವನ್ನು ತಿಳಿಯೋಣ. ನಮ್ಮ ಹಿರಿಯರು ರೇಡಿಯೋದ ತಿರುಪನ್ನು ತಿರುಗಿಸಿ, ಮುಳ್ಳನ್ನು ಒಂದು ಅಂಕಿಯ ಮೇಲೆ ನಿಲ್ಲಿಸಿ ಧಾರವಾಡವನ್ನೋ ಬೆಂಗಳೂರನ್ನೋ ಕೇಳುತ್ತಿದ್ದರು. ಮುಳ್ಳು ಒಂದು ಕೂದಲೆಳೆ ಸರಿದರೂ ಬರೀ ಗೊರಗೊರ ಶಬ್ದ. ಪೊಲೀಸಿನವರ ಮತ್ತು ಬೆಂಕಿ ಆರಿಸುವವರ ಸೆಟ್ಟುಗಳೂ ಹಾಗೆಯೇ ತಮಗೆ ಗೊತ್ತುಪಡಿಸಿದ ತರಂಗಾಂತರದ ಮೇಲೆ ನಿಲ್ಲುತ್ತವೆ. ಗುಂಡಿಯೊತ್ತಿ ಒಬ್ಬನು ಮಾತನಾಡಿದರೆ ಅದೇ ತರಂಗಾಂತರದಲ್ಲಿರುವ ಎಲ್ಲರಿಗೂ ಏಕಕಾಲಕ್ಕೆ ಕೇಳುತ್ತದೆ. ಮೊಬೈಲ್ ಫೋನಿನಂತೆ ನಂಬರು ಒತ್ತಿ ಕಾಯಬೇಕಾದುದಿಲ್ಲ. ದೂರ ಹೆಚ್ಚಾದಾಗ ಗುಡ್ಡದ ಮೇಲೋ ಎತ್ತರದ ಕಟ್ಟಡದ ಮೇಲೋ ಇರಿಸಿದ ರಿಪೀಟರ್ ಎಂಬ ಯಂತ್ರ ಆ ಮಾತನ್ನು ಹಿಡಿದು, ಬಲಪಡಿಸಿ, ಮತ್ತೆ ಬಿಡುತ್ತದೆ. ಗೋಪುರವೂ ರಿಪೀಟರೂ ಕೆಟ್ಟುಹೋದರೂ, ಹತ್ತಿರದಲ್ಲಿರುವ ಇಬ್ಬರು ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತನಾಡಬಹುದು. ಈ ಕೊನೆಯ ಗುಣ ಬಹಳ ದೊಡ್ಡದು. ಅದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಬದಲಾವಣೆ ಏಕೆ? ಹಳೆಯ ಸೆಟ್ಟುಗಳ ಬಿಡಿಭಾಗಗಳು ಸಿಗದಾಗುತ್ತವೆ. ಅವುಗಳ ಮಾತನ್ನು ಯಾರು ಬೇಕಾದರೂ ಕದ್ದು ಕೇಳಬಹುದು. ಒಂದೊಂದು ಸೇವೆ ಒಂದೊಂದು ಕಡೆಯಿರುವುದರಿಂದ ಪೊಲೀಸಿನವನ ಮಾತು ಅಗ್ನಿಶಾಮಕನಿಗೆ ಕೇಳುವುದಿಲ್ಲ. ಹೊಸ ಯಂತ್ರಗಳಲ್ಲಿ ಮಾತು ಗುಪ್ತವಾಗಿ ಹೋಗುತ್ತದೆ, ಸಿಕ್ಕಿಬಿದ್ದವನು ಎಲ್ಲಿದ್ದಾನೆಂಬುದು ತಿಳಿಯುತ್ತದೆ, ಚಿತ್ರವನ್ನೂ ಕಳಿಸಬಹುದು. ಸಮಾಜವಾದಿಗಳು ಹೊಸ ಯಂತ್ರಗಳ ವೈರಿಗಳೆಂದು ಅಪಪ್ರಚಾರ ಮಾಡುವವರಿಗೆ ಇಲ್ಲಿಯೇ ಉತ್ತರ ಹೇಳಿಬಿಡುತ್ತೇವೆ: ದುಡಿಯುವವನ ಪ್ರಾಣ ಉಳಿಸುವ ಯಂತ್ರ ಎಷ್ಟು ಬೇಗ ಬಂದರೂ ನಮಗೆ ಸಂತೋಷವೇ. ಆ ಯಂತ್ರವನ್ನು ತರುವ ರೀತಿ ಯಾವುದು, ಅದರ ಕೀಲಿಕೈ ಯಾರ ಕೈಯಲ್ಲಿ ಎಂಬ ವಿಚಾರದಲ್ಲಿಯೇ ನಮ್ಮ ತಕರಾರು.

ಈ ಬದಲಾವಣೆ ಎರಡು ರೀತಿಯಲ್ಲಿ ಕೆಡಬಹುದು. ಒಂದು, ಆತುರದಿಂದ, ಇನ್ನೊಂದು, ವಿಳಂಬದಿಂದ. ಎರಡಕ್ಕೂ ಜಗತ್ತಿನ ಅತಿ ಶ್ರೀಮಂತ ನಗರಗಳೇ ಉದಾಹರಣೆ ಕೊಟ್ಟಿವೆ.

ಆತುರದ ಕಥೆ ಅಮೆರಿಕದ ನ್ಯೂಯಾರ್ಕಿನದು. 1993ರ ಫೆಬ್ರವರಿಯಲ್ಲಿ ಅಲ್ಲಿಯ ವಿಶ್ವ ವ್ಯಾಪಾರ ಕೇಂದ್ರದ ನೆಲಮಾಳಿಗೆಯಲ್ಲಿ ಬಾಂಬು ಸಿಡಿದಾಗಲೇ, ಅಗ್ನಿಶಾಮಕ ದಳದವರ ಸೆಟ್ಟುಗಳು ಆ ಗಗನಚುಂಬಿ ಕಟ್ಟಡಗಳೊಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲವೆಂಬುದು ಬಯಲಾಗಿತ್ತು. ಹೊಸ ಸೆಟ್ಟುಗಳು ದಳದವರ ಕೈಗೆ ಬಂದದ್ದು ಎಂಟು ವರ್ಷಗಳ ತರುವಾಯ, 2001ರ ಮಾರ್ಚಿನಲ್ಲಿ. ಹಂಚಿ ಕೆಲವೇ ದಿನಗಳಾಗಿದ್ದವು. ನೆಲಮಾಳಿಗೆಯೊಂದರಲ್ಲಿ ದಾರಿ ತಪ್ಪಿದ ಒಬ್ಬ ಅಗ್ನಿಶಾಮಕನ ಆಪತ್ತಿನ ಕರೆ ಅದೇ ಸ್ಥಳದಲ್ಲಿದ್ದ ಅವನ ಜೊತೆಯವರಿಗೆ ಕೇಳಿಸಲಿಲ್ಲ. ಹೊಸ ಸೆಟ್ಟುಗಳನ್ನೆಲ್ಲ ಹಿಂದಕ್ಕೆ ಪಡೆಯಲಾಯಿತು. ಸಾಕಷ್ಟು ಪರೀಕ್ಷೆಯಿಲ್ಲದೆ, ಬಳಸುವವರಿಗೆ ಸಾಕಷ್ಟು ತರಬೇತಿ ಕೊಡದೆ ಅವುಗಳನ್ನು ಹಂಚಲಾಗಿತ್ತೆಂಬ ಟೀಕೆ ಆ ನಗರದ ಲೆಕ್ಕಾಧಿಕಾರಿಯಿಂದಲೇ ಬಂದಿತು. ಎಂಟು ವರ್ಷ ಮಲಗಿದ್ದವರು ಎದ್ದೊಡನೆ ಓಡಲು ಹೋಗಿ ಬಿದ್ದಂತಾಯಿತು. ದಳದವರ ಕೈಗೆ ಮತ್ತೆ ಬಂದದ್ದು 1993ರಲ್ಲಿ ಸೋತಿದ್ದ ಅದೇ ಹಳೆಯ ಸೆಟ್ಟು.

ಆರು ತಿಂಗಳು ಕಳೆಯುವಷ್ಟರಲ್ಲಿ 2001ರ ಸೆಪ್ಟೆಂಬರ್ 11 ಬಂದಿತು. ಅಂದು ಅಲ್ಲಿಗೆ ಧಾವಿಸಿ ಹೋದ ಅಗ್ನಿಶಾಮಕ ದಳದವರ ಪೈಕಿ 343 ಮಂದಿ ಮರಳಿ ಬರಲಿಲ್ಲ. 1993ರ ಪಾಠದಿಂದ ಅಲ್ಲಿ ರಿಪೀಟರ್ ಒಂದನ್ನು ಅಳವಡಿಸಲಾಗಿತ್ತು. ಆದರೆ ಅಂದು ಅದನ್ನು ಪೂರ್ತಿಯಾಗಿ ಚಾಲೂ ಮಾಡಲು ಒತ್ತಬೇಕಾದ ಎರಡನೆಯ ಗುಂಡಿಯನ್ನು ಒತ್ತಿರಲಿಲ್ಲ. ಉತ್ತರ ಗೋಪುರದ ಬಾಗಿಲಲ್ಲಿದ್ದ ಮುಖ್ಯಾಧಿಕಾರಿಗಳು ಯಂತ್ರವೇ ಕೆಟ್ಟಿದೆಯೆಂದು ಭಾವಿಸಿ ಅದನ್ನು ಬಿಟ್ಟರು. ಬೆಳಿಗ್ಗೆ 9 ಗಂಟೆ 59 ನಿಮಿಷಕ್ಕೆ ದಕ್ಷಿಣ ಗೋಪುರ ಕುಸಿಯಿತು. 10 ಗಂಟೆ 28 ನಿಮಿಷಕ್ಕೆ ಉತ್ತರ ಗೋಪುರ ಕುಸಿಯಿತು. ನಡುವಿನ ಆ 29 ನಿಮಿಷಗಳಲ್ಲಿ ಹೊರಗೆ ಬರಬೇಕೆಂಬ ಆಜ್ಞೆ ಹೊರಟಿತಾದರೂ ಅದು ಎಲ್ಲರಿಗೂ ಮುಟ್ಟಲಿಲ್ಲ. ಮೇಲೆ ಹಾರುತ್ತಿದ್ದ ಪೊಲೀಸ್ ಹೆಲಿಕಾಪ್ಟರಿನವರು ಕಂಡದ್ದನ್ನು ಪೊಲೀಸರ ವೈರ್‌ಲೆಸ್ಸಿನಲ್ಲಿ ಹೇಳಿದರು. ಅಗ್ನಿಶಾಮಕರ ವೈರ್‌ಲೆಸ್ಸು ಬೇರೆಯಾಗಿತ್ತು.

ಸತ್ಯವನ್ನು ಉತ್ಪ್ರೇಕ್ಷೆ ಮಾಡುವುದು ನಮಗೆ ಬೇಡ. ಈ ದುರಂತವನ್ನು ವಿಚಾರಿಸಿ 2004ರಲ್ಲಿ ವರದಿ ಕೊಟ್ಟ ಆಯೋಗವು, ಉತ್ತರ ಗೋಪುರದಲ್ಲಿ ಸತ್ತ ಅಗ್ನಿಶಾಮಕರ ಸಾವಿಗೆ ಸೆಟ್ಟುಗಳ ದೋಷವೇ ಮುಖ್ಯ ಕಾರಣವಲ್ಲ, ಅದೂ ಒಂದು ಕಾರಣ ಎಂದು ಹೇಳಿತು. ಆಜ್ಞೆ ಕೇಳಿದ ಮೇಲೂ ಜೊತೆಯವರನ್ನು ಬಿಟ್ಟು ಬರಲಾರದೆ ನಿಂತವರಿದ್ದರು. ಅವರ ಆ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ದುಡಿಯುವವನ ಧೈರ್ಯವನ್ನು ಹೊಗಳಿ, ಅವನ ಕೈಗೆ ಕೆಟ್ಟ ಉಪಕರಣ ಕೊಡುವುದು ಯಾವ ನ್ಯಾಯ? ಗಿರಣಿಯಲ್ಲಿ ಕೈ ಕಳೆದುಕೊಂಡವನಿಗೆ ಶೌರ್ಯದ ಬಿರುದು ಕೊಟ್ಟು, ಯಂತ್ರಕ್ಕೆ ಕಟಕಟೆ ಹಾಕಿಸದ ಮಾಲೀಕನಿಗೂ ಇವರಿಗೂ ಏನು ವ್ಯತ್ಯಾಸ?

ಅದೇ ಅಮೆರಿಕದಲ್ಲಿ ಗಾಳಿಯನ್ನು ಹಂಚಿದ ರೀತಿಯನ್ನೂ ನೋಡಿರಿ. ಪೊಲೀಸು, ಅಗ್ನಿಶಾಮಕ ಸೇವೆಗಳಿಗೆ ತರಂಗಾಂತರ ಸಾಲದೆಂಬುದು ಗೊತ್ತಾಗಿ, ಟೆಲಿವಿಷನ್ ಕಂಪನಿಗಳ ವಶದಲ್ಲಿದ್ದ ತರಂಗಾಂತರಗಳಲ್ಲಿ 24 ಮೆಗಾಹರ್ಟ್ಸನ್ನು ಅವುಗಳಿಗೆ ಕೊಡಬೇಕೆಂದು 1997ರಲ್ಲಿಯೇ ಕಾನೂನಾಯಿತು. ಆದರೆ ಟೆಲಿವಿಷನ್ನಿನವರು ಹೊಸ ಪದ್ಧತಿಗೆ ಹೋಗುವತನಕ ಅಲ್ಲಿಯೇ ಇರಬಹುದೆಂಬ ಅನುಕೂಲವೂ ಅದೇ ಕಾನೂನಿನಲ್ಲಿತ್ತು. ಜಾಗ ಪೂರ್ತಿ ಖಾಲಿಯಾದದ್ದು 2009ರ ಜೂನ್ 12ರಂದು. ಹನ್ನೆರಡು ವರ್ಷ! ಬಾಡಿಗೆ ಮನೆಯಲ್ಲಿರುವ ಬಡವನಿಗೆ ನೋಟೀಸು ಬಂದರೆ ಹನ್ನೆರಡು ವಾರವೂ ಸಿಗುವುದಿಲ್ಲ. ಈ ಹನ್ನೆರಡು ವರ್ಷಗಳ ನಡುವೆಯೇ ಆ ಸೆಪ್ಟೆಂಬರ್ 11 ಬಂದು ಹೋಯಿತು.

ಇನ್ನೊಂದು ಪ್ರಕರಣವೂ ಅಲ್ಲಿಯದೇ. 800 ಮೆಗಾಹರ್ಟ್ಸ್ ಪ್ರದೇಶದಲ್ಲಿ ಪೊಲೀಸು ಮತ್ತು ಅಗ್ನಿಶಾಮಕ ಸೇವೆಗಳ ಮಗ್ಗುಲಿಗೇ ನೆಕ್ಸ್‌ಟೆಲ್ ಎಂಬ ಮೊಬೈಲ್ ಕಂಪನಿಗೂ ಜಾಗ ಕೊಡಲಾಗಿತ್ತು. ಸಂತೆಯಲ್ಲಿ ಪಿಸುಮಾತಾಡುವವನ ಪಕ್ಕದಲ್ಲಿ ತಮಟೆ ಬಾರಿಸುವವನನ್ನು ಕೂರಿಸಿದಂತೆ, ಕಂಪನಿಯ ಗೋಪುರಗಳ ಹತ್ತಿರ ಹೋದಾಗ ಪೊಲೀಸರ ಸೆಟ್ಟುಗಳು ಕಿವುಡಾದವು. ಇಬ್ಬರನ್ನೂ ಬೇರೆ ಬೇರೆ ಕೂರಿಸಬೇಕು, ಸ್ಥಳಾಂತರದ ವೆಚ್ಚವನ್ನು ಕಂಪನಿ ಭರಿಸಬೇಕು, ಅದಕ್ಕೆ ಪ್ರತಿಯಾಗಿ ಕಂಪನಿಗೆ ಬೇರೆ ತರಂಗಾಂತರ ಸಿಗಬೇಕು ಎಂದು ಅಲ್ಲಿಯ ಸಂಪರ್ಕ ಆಯೋಗ 2004ರಲ್ಲಿ ಆಜ್ಞೆ ಮಾಡಿತು. 36 ತಿಂಗಳುಗಳಲ್ಲಿ, ಅಂದರೆ 2008ರಲ್ಲಿ, ಮುಗಿಯಬೇಕಾಗಿದ್ದ ಕೆಲಸ ಮುಗಿದದ್ದು 2021ರಲ್ಲಿ. ಸಾವಿರಾರು ಠಾಣೆಗಳ ಸೆಟ್ಟುಗಳನ್ನು ಒಂದೊಂದಾಗಿ ಹೊಸ ತರಂಗಾಂತರಕ್ಕೆ ಹೊಂದಿಸಬೇಕಾಗಿತ್ತು. ಗಡಿಯಾಚೆಯ ದೇಶಗಳೊಡನೆಯೂ ಒಪ್ಪಂದವಾಗಬೇಕಾಗಿತ್ತು. ಕೆಲಸ ಕಷ್ಟದ್ದೇ, ಒಪ್ಪುತ್ತೇವೆ. ಆದರೆ ತಮಟೆಯವನನ್ನು ಮೊದಲೇ ಅಲ್ಲಿ ಕೂರಿಸದಿದ್ದರೆ ಈ ಕಷ್ಟವೇ ಬರುತ್ತಿರಲಿಲ್ಲವಲ್ಲ!

ಇನ್ನು ವಿಳಂಬದ ಕಥೆ. ಇದು ಬ್ರಿಟನ್ನಿನದು. ನಮ್ಮ ವಾಚಕರು ಇದನ್ನು ಹೆಚ್ಚು ಗಮನವಿಟ್ಟು ಓದಬೇಕು. ಏಕೆಂದರೆ ಸಾರ್ವಜನಿಕ ಸೇವೆಯನ್ನು ಖಾಸಗೀ ಕಂಪನಿಗೆ ಬಾಡಿಗೆಗೆ ಹಿಡಿದರೆ ಏನಾಗುತ್ತದೆಂಬುದು ಇಲ್ಲಿ ಹಗಲಿನಷ್ಟು ಸ್ಪಷ್ಟವಾಗಿದೆ.

1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ಎಂಬ ನೆಲದಡಿಯ ರೈಲು ನಿಲ್ದಾಣದಲ್ಲಿ ಬೆಂಕಿ ಬಿದ್ದು 31 ಮಂದಿ ಸತ್ತರು. ಸತ್ತವರಲ್ಲಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರೂ ಇದ್ದರು. ಮರುವರ್ಷ ಹೊರಬಂದ ಫೆನೆಲ್ ವಿಚಾರಣಾ ವರದಿ, ನೆಲದಡಿಯಲ್ಲಿಯೂ ಸಹಾಯಕ್ಕೆ ಧಾವಿಸುವವರ ವೈರ್‌ಲೆಸ್ಸು ಕೆಲಸ ಮಾಡುವಂತಾಗಬೇಕೆಂದು ಹೇಳಿತು. ಹದಿನೇಳು ವರ್ಷ ಕಳೆದವು. 2005ರ ಜುಲೈ 7ರಂದು ಲಂಡನ್ನಿನ ನೆಲದಡಿಯ ರೈಲುಗಳಲ್ಲೂ ಒಂದು ಬಸ್ಸಿನಲ್ಲೂ ಬಾಂಬುಗಳು ಸಿಡಿದು 52 ಮಂದಿ ಅಮಾಯಕರು ಸತ್ತರು. ಅಂದು ಕೂಡ ರೈಲ್ವೆ ಪೊಲೀಸರನ್ನು ಬಿಟ್ಟರೆ ಉಳಿದ ಸೇವೆಗಳವರು ಸುರಂಗದೊಳಗಿಂದ ಮೇಲಿನವರೊಡನೆ ವೈರ್‌ಲೆಸ್ಸಿನಲ್ಲಿ ಮಾತನಾಡುವಂತಿರಲಿಲ್ಲ. ಸುದ್ದಿಯನ್ನು ಮೇಲಕ್ಕೆ ಮುಟ್ಟಿಸಲು ಆಳುಗಳು ಮೆಟ್ಟಿಲು ಹತ್ತಿ ಓಡಿದರು. ಇದು ಒಪ್ಪತಕ್ಕದ್ದಲ್ಲವೆಂದು 2006ರಲ್ಲಿ ಲಂಡನ್ ನಗರಸಭೆಯ ಸಮಿತಿ ಛೀಮಾರಿ ಹಾಕಿತು.

ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಏರ್‌ವೇವ್ ಎಂಬ ಹೊಸ ವೈರ್‌ಲೆಸ್ ಜಾಲ ಬಂದಿತ್ತು. 380ರಿಂದ 400 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಟೆಟ್ರಾ ಎಂಬ ಒಳ್ಳೆಯ ಪದ್ಧತಿ ಅದು. ಆದರೆ ಅದನ್ನು ಸರ್ಕಾರ ತಾನೇ ಕಟ್ಟಲಿಲ್ಲ. 2000ದಲ್ಲಿ ಬಿ.ಟಿ. ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು: ಬಂಡವಾಳ ಕಂಪನಿ ಹೂಡುವುದು, ವರ್ಷ ವರ್ಷವೂ ಸರ್ಕಾರ ಬಾಡಿಗೆ ಕಟ್ಟುವುದು. ಅಂದಿನಿಂದ ಆ ಜಾಲ ದನದ ಸಂತೆಯ ಎತ್ತಿನಂತೆ ಕೈಯಿಂದ ಕೈಗೆ ಹೋಯಿತು. ಬಿ.ಟಿ.ಯಿಂದ ಸಿಡಿದು ಬೇರೆಯಾದ ಓಟೂ ಕಂಪನಿಗೆ, ಅಲ್ಲಿಂದ ಸ್ಪೇನಿನ ಟೆಲಿಫೋನಿಕಾಕ್ಕೆ, 2007ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವೆರಿ ಎಂಬ ಹಣಕಾಸಿನ ಸಂಸ್ಥೆಗೆ, 2016ರಲ್ಲಿ ಅಮೆರಿಕದ ಮೊಟೊರೋಲಾ ಕಂಪನಿಗೆ. ಬ್ರಿಟನ್ನಿನ 107 ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಸಂಸ್ಥೆಗಳ ಸುಮಾರು 3 ಲಕ್ಷ ಸಿಬ್ಬಂದಿಯ ಆಪತ್ತಿನ ಕರೆ ಹೀಗೆ ಮಾರಾಟದ ಸರಕಾಯಿತು. ಆ 3 ಲಕ್ಷ ಜನರಲ್ಲಿ ಒಬ್ಬನನ್ನಾದರೂ ಯಾರಾದರೂ ಕೇಳಿದರೇ?

2015ರಲ್ಲಿ ಬ್ರಿಟಿಷ್ ಸರ್ಕಾರ ಈ ಜಾಲವನ್ನು ಮುಚ್ಚಿ, ಸಾಮಾನ್ಯ ಜನರು ಬಳಸುವ ನಾಲ್ಕನೆಯ ತಲೆಮಾರಿನ ಮೊಬೈಲ್ ಜಾಲದ ಮೇಲೆಯೇ ಆಪತ್ತಿನ ಸೇವೆಗಳನ್ನು ನಡೆಸುವ ಯೋಜನೆ ಹಾಕಿತು. ಗೋಪುರಗಳ ಗುತ್ತಿಗೆ ಇಇ ಎಂಬ ಮೊಬೈಲ್ ಕಂಪನಿಗೆ. ಅದರ ಮೇಲಿನ ಮಾತಿನ ವ್ಯವಸ್ಥೆಯ ಗುತ್ತಿಗೆ ಮೊಟೊರೋಲಾಕ್ಕೆ. 2019ರ ಕೊನೆಗೆ ಹಳೆಯ ಜಾಲ ನಿಲ್ಲಬೇಕಾಗಿತ್ತು. ಇಲ್ಲಿ ಒಂದು ಸೋಜಿಗ ನಡೆಯಿತು. ಹೊಸದನ್ನು ಕಟ್ಟುವ ಗುತ್ತಿಗೆ ಕೈಗೆ ಬಂದ ಕೆಲವೇ ವಾರಗಳಲ್ಲಿ ಮೊಟೊರೋಲಾ ಹಳೆಯ ಜಾಲವನ್ನೂ ಕೊಂಡುಕೊಂಡಿತು. ಹೊಸ ಸೇತುವೆ ಕಟ್ಟುವ ಗುತ್ತಿಗೆದಾರನೇ ಹಳೆಯ ದೋಣಿಯ ಕಡವಿಗೂ ಮಾಲೀಕನಾದಂತಾಯಿತು. ಸೇತುವೆ ಒಂದು ವರ್ಷ ತಡವಾದರೆ ದೋಣಿಯ ಬಾಡಿಗೆ ಒಂದು ವರ್ಷ ಹೆಚ್ಚು ಸಿಗುತ್ತದೆ. ಇಂಥ ಸಂದರ್ಭದಲ್ಲಿ ಅವಸರ ಯಾರಿಗಿರುತ್ತದೆ? ಕಿರಾಣಿ ಅಂಗಡಿಯ ಹುಡುಗನೂ ಈ ಲೆಕ್ಕ ಮಾಡಬಲ್ಲ. ಬ್ರಿಟಿಷ್ ಗೃಹ ಇಲಾಖೆಗೆ ಇದನ್ನು ತಡೆಯಲಾಗಲಿಲ್ಲ!

ಮುಂದೆ ಆದದ್ದು ಆಗಬೇಕಾದದ್ದೇ. 2019 ಹೋಗಿ 2022 ಎಂದರು. 2022 ಹೋಗಿ 2026 ಎಂದರು. ಯೋಜನೆಯ ಅಂದಾಜು ಖರ್ಚು 310 ಕೋಟಿ ಪೌಂಡು ಏರಿ 930 ಕೋಟಿ ಪೌಂಡಿಗೆ ಮುಟ್ಟಿತೆಂದು ಅಲ್ಲಿಯ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲಿ ವರದಿ ಮಾಡಿತು. 2022ರ ಕೊನೆಗೆ ಮೊಟೊರೋಲಾ ಹೊಸ ಯೋಜನೆಯಿಂದ ಹೊರಬಿತ್ತು, ಹಳೆಯ ಜಾಲ ಮಾತ್ರ ಅದರ ಕೈಯಲ್ಲಿಯೇ ಉಳಿಯಿತು. ಹೊಸ ಯೋಜನೆಗೆ ಸುಮಾರು 200 ಕೋಟಿ ಪೌಂಡು ಸುರಿದ ಮೇಲೂ ಹಳೆಯ ಜಾಲವನ್ನು ಮುಚ್ಚುವುದು 2029ಕ್ಕೆ ಮುಂಚೆ ಆಗಲಾರದೆಂಬುದು 2023ರಲ್ಲಿ ಅಲ್ಲಿಯ ಪಾರ್ಲಿಮೆಂಟಿನ ಮುಂದೆ ಬಂದ ಲೆಕ್ಕ.

ಇದು ಸಮಾಜವಾದಿಗಳು ಕಟ್ಟಿದ ಕಥೆಯೆಂದು ಯಾರೂ ತಳ್ಳಿಹಾಕುವಂತಿಲ್ಲ. ಮುಕ್ತ ಮಾರುಕಟ್ಟೆಯ ಕಾವಲಿಗೆಂದೇ ಇರುವ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು 2021ರಲ್ಲಿ ತನಿಖೆ ಆರಂಭಿಸಿ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಬೇರೆ ದಾರಿಯಿಲ್ಲದ ಗಿರಾಕಿಯಿಂದ ಏರ್‌ವೇವ್ ಜಾಲದ ಮಾಲೀಕರು ನ್ಯಾಯವಾದ ದರಕ್ಕಿಂತ ವರ್ಷಕ್ಕೆ ಸುಮಾರು 20 ಕೋಟಿ ಪೌಂಡು ಹೆಚ್ಚಾಗಿ ಪಡೆಯುವ ಸ್ಥಿತಿಯಿದೆಯೆಂದು ಅದು ಕಂಡುಕೊಂಡು, 2023ರ ಆಗಸ್ಟಿನಿಂದ ದರಕ್ಕೆ ಕಟ್ಟು ಹಾಕಿತು. ಕಂಪನಿ ಮೇಲ್ಮನವಿ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ ಆ ಮನವಿಯನ್ನು ವಜಾ ಮಾಡಿತು. ಪೇಟೆಯ ವರ್ತಕನೊಬ್ಬ ಎಣ್ಣೆಯ ಡಬ್ಬದ ಮೇಲೆ ನಾಲ್ಕು ಕಾಸು ಹೆಚ್ಚು ತೆಗೆದುಕೊಂಡರೆ ಇನ್ಸ್‌ಪೆಕ್ಟರು ಮರುದಿನವೇ ಅಂಗಡಿಯ ಬಾಗಿಲಿಗೆ ಬರುತ್ತಾನೆ. ಪೊಲೀಸರಿಗೇ ಪೊಲೀಸರ ಮಾತನ್ನು ಮಾರುವ ಕಂಪನಿಯ ಬಾಗಿಲಿಗೆ ನಿಯಮ ಹೋಗಿ ಮುಟ್ಟಲು ಅದು ಜಾಲವನ್ನು ಕೊಂಡ ಮೇಲೆ ಏಳು ವರ್ಷ ಬೇಕಾದವು.

ಇಲ್ಲಿ ತಪ್ಪೆಲ್ಲವೂ ಕಂಪನಿಯದೆಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಲಾಭ ಹುಡುಕುವುದು ಕಂಪನಿಯ ಹುಟ್ಟುಗುಣ. ಅದನ್ನು ಹದ್ದಿನಲ್ಲಿಡುವುದು ಸರ್ಕಾರದ ಧರ್ಮ. ಆ ಧರ್ಮವನ್ನು ಬ್ರಿಟಿಷ್ ಸರ್ಕಾರ ಮರೆಯಿತು. ಇನ್ನೂ ತಯಾರಾಗದ ತಂತ್ರವನ್ನು ತಯಾರಾಗಿದೆಯೆಂದು ನಂಬಿ, ಕಾಗದದ ಮೇಲೆ ದಿನಾಂಕ ಬರೆದು, ಬಳಸುವವರನ್ನು ಕೇಳದೆ ಹೊರಟದ್ದು ಅದರ ತಪ್ಪು. ಸಾರ್ವಜನಿಕ ಒಡೆತನವೆಂಬ ಬೋರ್ಡು ಹಾಕಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ನಾವು ಎಂದೂ ಹೇಳಿಲ್ಲ. ನ್ಯೂಯಾರ್ಕಿನ ಅಗ್ನಿಶಾಮಕ ದಳ ಸರ್ಕಾರದ್ದೇ ಆಗಿತ್ತು. ಅಲ್ಲಿ ಕೊರತೆಯಾದದ್ದು ಕೆಳಗಿನವನ ಮಾತಿಗೆ ಮೇಲಿನವನು ಕಿವಿಗೊಡುವ ಅಭ್ಯಾಸ. ಒಡೆತನ ಜನರದಾಗಬೇಕು, ಆ ಒಡೆತನದ ಮೇಲೆ ಬಳಸುವವನ ಕಣ್ಣೂ ಇರಬೇಕು. ಎರಡರಲ್ಲಿ ಯಾವುದೊಂದು ತಪ್ಪಿದರೂ ಸಾಯುವವನು ಮೆಟ್ಟಿಲ ಮೇಲಿರುವವನೇ.

ಹಾಗಾದರೆ ದೊಡ್ಡ ಬದಲಾವಣೆಯನ್ನು ಸರಿಯಾಗಿ ಮಾಡುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ನಮ್ಮ ಪೇಟೆಯ ಹಿರಿಯ ವರ್ತಕರನ್ನು ಕೇಳಿರಿ. 1957ರ ಏಪ್ರಿಲ್ 1ರಂದು ಆಣೆಯ ಜಾಗಕ್ಕೆ ನಯಾ ಪೈಸೆ ಬಂದಾಗ, 1958ರಿಂದ ಸೇರಿನ ಜಾಗಕ್ಕೆ ಕಿಲೋಗ್ರಾಮು ಬರತೊಡಗಿದಾಗ, ಇಡೀ ದೇಶದ ತಕ್ಕಡಿ ಬದಲಾಯಿತು. ಗೊಂದಲವಾಗಲಿಲ್ಲವೆಂದಲ್ಲ. ಆದರೆ ಹಳೆಯ ನಾಣ್ಯವೂ ಹೊಸ ನಾಣ್ಯವೂ ಕೆಲವು ಕಾಲ ಜೊತೆಯಾಗಿ ಚಲಾವಣೆಯಲ್ಲಿದ್ದವು. ಹೊಸ ತೂಕ ಒಂದೊಂದು ಕಡೆ ಹಂತಹಂತವಾಗಿ ಬಂದಿತು. ಅಂಗಡಿಯವನಿಗೂ ಗಿರಾಕಿಗೂ ಕಲಿಯಲು ಸಮಯ ಸಿಕ್ಕಿತು. 2016ರ ನವೆಂಬರ್ 8ರ ರಾತ್ರಿ ಹಳೆಯ ನೋಟುಗಳನ್ನು ರದ್ದುಮಾಡಿದ ರೀತಿಯನ್ನೂ ಇದೇ ವರ್ತಕರು ಕಂಡಿದ್ದಾರೆ. ಎರಡೂ ಸರ್ಕಾರವೇ ಮಾಡಿದ ಬದಲಾವಣೆಗಳು. ಯಾವುದರಲ್ಲಿ ಬಡವನ ಬೆನ್ನು ಮುರಿಯಿತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆಪತ್ತಿನ ಸೇವೆಗಳ ವೈರ್‌ಲೆಸ್ಸನ್ನು ಬದಲಿಸುವವರು ಮೊದಲಿನ ದಾರಿಯನ್ನು ಹಿಡಿಯಬೇಕು.

ಈಗ ನಮ್ಮ ದೇಶದ ಮಾತಿಗೆ ಬರೋಣ. ವಾಯುತರಂಗಗಳು ಸಾರ್ವಜನಿಕ ಆಸ್ತಿಯೆಂದು ನಮ್ಮ ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿಯೇ ಸಾರಿದೆ. ಕೆರೆಯ ನೀರು, ಗೋಮಾಳದ ಹುಲ್ಲು ಊರಿಗೆ ಸೇರಿದ್ದಾದಂತೆ ಆಕಾಶದ ಈ ದಾರಿಯೂ ಜನರಿಗೆ ಸೇರಿದ್ದು. ಆ ಆಸ್ತಿಯನ್ನು ಬೇಕಾದವರಿಗೆ ಹಂಚಿದ್ದಕ್ಕೆ 2012ರ ಫೆಬ್ರವರಿಯಲ್ಲಿ ಅದೇ ಕೋರ್ಟು 122 ಪರವಾನಗಿಗಳನ್ನು ರದ್ದುಮಾಡಿದ್ದು ಎಲ್ಲರಿಗೂ ನೆನಪಿದೆ. ಪೊಲೀಸು, ಅಗ್ನಿಶಾಮಕ, ವಿಪತ್ತು ಪರಿಹಾರದ ಸೇವೆಗಳಿಗೆ ದೇಶಾದ್ಯಂತ ಹೊಸ ಜಾಲವೊಂದು ಬೇಕು, ಅದಕ್ಕೆ ಪ್ರತ್ಯೇಕ ತರಂಗಾಂತರವನ್ನು ಮೀಸಲಿಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟ್ರಾಯ್, 2018ರ ಜೂನ್‌ನಲ್ಲಿ ಶಿಫಾರಸು ಮಾಡಿತು. ಆ ಶಿಫಾರಸಿಗೆ ಎರಡೇ ತಿಂಗಳಲ್ಲಿ ಪ್ರಕೃತಿಯೇ ಸಾಕ್ಷಿ ನುಡಿಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ರಸ್ತೆ ಕಡಿಯಿತು, ಕರೆಂಟು ಹೋಯಿತು, ಎಷ್ಟೋ ಹಳ್ಳಿಗಳಲ್ಲಿ ಫೋನು ಸತ್ತಿತು. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಕಾಲದಲ್ಲಿ ಬೇರೆ ಸೆಟ್ಟು ಏತಕ್ಕೆ ಎನ್ನುವವರು ಆ ದಿನಗಳನ್ನು ನೆನೆಯಲಿ.

ಇಂದಲ್ಲ ನಾಳೆ ಹೊಸ ಸೆಟ್ಟುಗಳ ಗುತ್ತಿಗೆದಾರರು ನಮ್ಮ ರಾಜ್ಯದ, ನಮ್ಮ ಜಿಲ್ಲೆಯ ಬಾಗಿಲಿಗೂ ಬಣ್ಣಬಣ್ಣದ ಪುಸ್ತಿಕೆಗಳೊಡನೆ ಬರುತ್ತಾರೆ. ಆ ದಿನ ಬರುವ ಮುಂಚೆಯೇ ಜನತೆಯ ಪರವಾಗಿ ಕೆಲವು ಬೇಡಿಕೆಗಳನ್ನು ನಾವು ಇಲ್ಲಿ ದಾಖಲು ಮಾಡುತ್ತೇವೆ.

ಮೊದಲನೆಯದಾಗಿ, ಆಪತ್ತಿನ ಸೇವೆಗಳ ತರಂಗಾಂತರವನ್ನು ಹರಾಜಿಗೆ ಇಡಬಾರದು. ಅದರ ಒಡೆತನ ಸರ್ಕಾರದ ಕೈಯಿಂದ ಜಾರಬಾರದು. ಎರಡನೆಯದಾಗಿ, ಹಳೆಯ ಜಾಲದ ಬಾಡಿಗೆ ತಿನ್ನುವವರಿಗೆ ಹೊಸ ಜಾಲದ ಗುತ್ತಿಗೆ ಕೊಡಬಾರದು. ಗುತ್ತಿಗೆಯ ಕರಾರು, ದರ, ದಿನಾಂಕ ಎಲ್ಲವೂ ವಿಧಾನಸಭೆಯ ಮುಂದೆ ಬರಬೇಕು. ಮೂರನೆಯದಾಗಿ, ಹೊಸ ಸೆಟ್ಟನ್ನು ಪ್ರದರ್ಶನದ ಸಭಾಂಗಣದಲ್ಲಿ ಪರೀಕ್ಷಿಸಿದರೆ ಸಾಲದು. ಗಿರಣಿಯ ನೆಲಮಾಳಿಗೆಯಲ್ಲಿ, ಪೇಟೆಯ ಇಕ್ಕಟ್ಟಿನ ಗಲ್ಲಿಯಲ್ಲಿ, ಘಟ್ಟದ ತಿರುವಿನಲ್ಲಿ, ಸುರಿಯುವ ಮಳೆಯಲ್ಲಿ ಅದು ಮಾತನಾಡಬೇಕು. ಅದನ್ನು ಹೊತ್ತು ಒಳಗೆ ಹೋಗುವ ಕೆಳದರ್ಜೆಯ ನೌಕರರು ಸರಿಯೆಂದು ರುಜು ಹಾಕುವತನಕ ಹಳೆಯ ಸೆಟ್ಟನ್ನು ಕಿತ್ತುಕೊಳ್ಳಬಾರದು. ನಾಲ್ಕನೆಯದಾಗಿ, ತರಬೇತಿಯನ್ನು ಸಂಬಳದ ಹೊತ್ತಿನಲ್ಲಿಯೇ ಕೊಡಬೇಕು, ಪ್ರತಿಯೊಬ್ಬನಿಗೂ ಕೊಡಬೇಕು. ಎರಡನೆಯ ಗುಂಡಿಯ ಕಥೆಯನ್ನು ಯಾರೂ ಮರೆಯಬಾರದು. ಐದನೆಯದಾಗಿ, ಪೊಲೀಸು, ಅಗ್ನಿಶಾಮಕ, ಆಂಬ್ಯುಲೆನ್ಸು ಈ ಮೂವರೂ ಆಪತ್ತಿನ ಸ್ಥಳದಲ್ಲಿ ಒಂದೇ ದಾರಿಯ ಮೇಲೆ ಮಾತನಾಡುವಂತಿರಬೇಕು. ಆರನೆಯದಾಗಿ, ಗೋಪುರ ಬಿದ್ದರೂ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತನಾಡುವ ಗುಣವಿಲ್ಲದ ಯಾವ ಯಂತ್ರವನ್ನೂ, ಅದು ಎಷ್ಟೇ ಥಳಕಿನದಾಗಿರಲಿ, ಕೊಳ್ಳಬಾರದು.

ಇವುಗಳಲ್ಲಿ ಒಂದೂ ಅಸಾಧ್ಯವಾದ ಬೇಡಿಕೆಯಲ್ಲ. ಖರ್ಚಿನ ಮಾತೆತ್ತುವವರು ಬ್ರಿಟನ್ನಿನ ಲೆಕ್ಕವನ್ನು ಇನ್ನೊಮ್ಮೆ ಓದಲಿ. ಸೋವಿಯೆಂದು ಹಿಡಿದ ದಾರಿಯೇ ಅತಿ ದುಬಾರಿಯಾಯಿತು. ಆ ಹಣ ತೆರಿಗೆಯಿಂದ ಬಂದದ್ದು. ಕೂಲಿಕಾರನು ಬೆಂಕಿಪೆಟ್ಟಿಗೆ ಕೊಂಡಾಗಲೂ, ವರ್ತಕನು ಸರಕು ಇಳಿಸಿದಾಗಲೂ ಕಟ್ಟುವ ತೆರಿಗೆಯಂಥದೇ ಅದು.

ಗಿರಣಿಗಳ ಸಂಘಗಳೂ ವರ್ತಕರ ಸಂಘಗಳೂ ಒಂದು ಕೆಲಸವನ್ನು ಇಂದೇ ಮಾಡಬಹುದು. ನಿಮ್ಮ ಊರಿನ ಅಗ್ನಿಶಾಮಕ ಠಾಣೆಗೆ ಹೋಗಿರಿ. ಅಲ್ಲಿಯ ಅಣ್ಣತಮ್ಮಂದಿರ ಜೊತೆ ಕುಳಿತು ಕೇಳಿರಿ: ನಿಮ್ಮ ಸೆಟ್ಟು ನಮ್ಮ ಗೋದಾಮಿನ ಒಳಗಿಂದ ಕೇಳಿಸುತ್ತದೆಯೇ? ನಮ್ಮ ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ಕೇಳಿಸುತ್ತದೆಯೇ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಪೊಲೀಸರೊಡನೆ ನೇರವಾಗಿ ಮಾತನಾಡಬಲ್ಲಿರಾ? ಅವರನ್ನು ಒಳಗೆ ಕರೆದು ಒಮ್ಮೆ ಮಾತನಾಡಿಸಿ ನೋಡಿರಿ. ಕೇಳಿಸದಿದ್ದರೆ ಅದನ್ನು ಬರೆದು, ನಿಮ್ಮ ಸಂಘದ ಮುದ್ರೆ ಒತ್ತಿ, ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಕಳಿಸಿರಿ. ಉತ್ತರ ಬಾರದಿದ್ದರೆ ನಮಗೆ ತಿಳಿಸಿರಿ. ನಾವು ಅಚ್ಚು ಹಾಕುತ್ತೇವೆ.

ಕಿಂಗ್ಸ್ ಕ್ರಾಸ್‌ನಲ್ಲಿ 31 ಜನರು ಸತ್ತ ಮೇಲೆ ವರದಿ ಬಂದಿತು. ವರದಿ ಬಂದು ಹದಿನೇಳು ವರ್ಷವಾದರೂ ಸುರಂಗದಲ್ಲಿ ಮಾತು ಕೇಳಿಸಲಿಲ್ಲ. ನಮ್ಮಲ್ಲಿ ವರದಿಗಾಗಿ ಸಾವನ್ನು ಕಾಯಬೇಕಾಗಿಲ್ಲ. ಕೇಳುವ ಹಕ್ಕು ಇಂದೇ ನಮಗಿದೆ. ಅದನ್ನು ಚಲಾಯಿಸೋಣ.